ಎಂಬತ್ತೆಂಟನೆಯ ಮರ್ಲಿನ್

ಲಯನೆಲ್ ಪಾರ್ಜಿಟರನನ್ನು ಹೆಸರು ಹಿಡಿದು ಕರೆಯುವವರು ಈಚೆಗೆ ಯಾರೂ ಉಳಿದಿರಲಿಲ್ಲ. ಅಂಚೆಯವನು ಮಿಸ್ಟರ್ ಪಾರ್ಜಿಟರ್ ಎನ್ನುತ್ತಿದ್ದ, ಮೂಲೆ ಅಂಗಡಿಯ ಹುಡುಗಿ ಏನೂ ಎನ್ನುತ್ತಿರಲಿಲ್ಲ, ಹಳೆಯ ಕಾರಿನ ಸಂಘದವರು ನೂರಾ ಅರವತ್ತು ಎನ್ನುತ್ತಿದ್ದರು. ಅವನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಚಿಕ್ಕದೊಂದು ಹಿತ್ತಾಳೆ ಬಿಲ್ಲೆ ಇತ್ತು, ಅದರ ಮೇಲೆ ಆ ಸಂಖ್ಯೆ ಕೊರೆದಿತ್ತು. ಆರ್ಡೆನ್ ಕಂಪನಿಯವರು ಬಾಗಿಲು ಹಾಕುವ ಮುಂಚೆ, ಕೊನೆಯ ಹುರುಪಿನಲ್ಲಿ, ಮನೆಮಂದಿ ಸಾಮಾನು ತರಲು ಹೋಗುವಂಥ ಪುಟ್ಟ ಕಾರಿಗೆ ರೇಸಿನ ಎಂಜಿನ್ ತುರುಕಿ, ಐದುನೂರೇ ಐದುನೂರು ಮಾಡಿ, ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಬೀದಿಗೆ ಬಿಟ್ಟಿದ್ದರು. ಅದೇ ಮರ್ಲಿನ್ ಟರ್ಬೊ. ಕಡುಹಸಿರು ಮೈ, ಸೊಂಟದ ಸುತ್ತ ತೆಳ್ಳಗೆ ಕೆಂಪು ಗೆರೆ, ಹಿಂದೆ ಮೇಲಕ್ಕೆತ್ತುವ ಬಾಗಿಲು. ಆಗ ಪಡ್ಡೆ ಹುಡುಗರು ಅದನ್ನು ಕೊಂಡು ಬೇಲಿಗೆ ಗುದ್ದಿದರು, ಹಳ್ಳಕ್ಕೆ ಇಳಿಸಿದರು, ಕದ್ದವರು ಸುಟ್ಟುಹಾಕಿದರು. ಉಳಿದವನ್ನು ಇಂಗ್ಲೆಂಡಿನ ಮಳೆ ತಿಂದಿತು. ಅದನ್ನೂ ದಾಟಿ ಬದುಕಿದ ಕೆಲವು ಈಗ ಲಯನೆಲ್‌ನಂಥವರ ಗ್ಯಾರೇಜುಗಳಲ್ಲಿ ಹೊದಿಕೆ ಹೊದ್ದು ಮಲಗಿದ್ದವು.

ಸಂಘದಲ್ಲಿ ಮನುಷ್ಯರಿಗೂ ಕಾರಿನ ಸಂಖ್ಯೆಯೇ ಹೆಸರು. ನೂರಾ ಅರವತ್ತಿಗೆ ನೆಗಡಿಯಂತೆ, ಮುನ್ನೂರಾ ಒಂದರ ಮಗಳ ಮದುವೆಯಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಕಾರು ಮಾರಿದವನ ಸಂಖ್ಯೆ ಹೋಗುತ್ತಿತ್ತು, ಸಂಖ್ಯೆ ಹೋದವನು ಇದ್ದೂ ಇಲ್ಲದಂತೆ. ಕೆಂಟ್ ಕಡೆಯ ಮುನ್ನೂರಾ ತೊಂಬತ್ತು ಆ ಚಳಿಗಾಲದಲ್ಲಿ ತನ್ನ ಕಾರನ್ನು ಜಪಾನಿನ ಯಾರಿಗೋ ಮಾರಿದ. ಹಾಗೆ ಓಡುವ ಸ್ಥಿತಿಯ ಮರ್ಲಿನ್ ಇರುವ ಸದಸ್ಯರು ಇಬ್ಬರೇ ಉಳಿದರು. ಒಬ್ಬ ಬ್ರಾಮ್ಸ್‌ಗ್ರೋವಿನ ಲಯನೆಲ್, ಇನ್ನೊಬ್ಬ ವೇಲ್ಸಿನ ಎಮ್ರಿಸ್.

ಎಮ್ರಿಸ್ ಫೋನು ಮಾಡಿದ. "ಜುಲೈಯ ಹಳೇ ಕಾರು ಪ್ರದರ್ಶನದವರು ಕಾಗದ ಹಾಕಿದಾರೆ ಕಣೋ. ಮೂರು ಕಾರು ಇದ್ರೆ ಸಂಘಕ್ಕೆ ಅಂತ ಜಾಗ, ಸುತ್ತ ಹಗ್ಗ, ಹೆಸರಿನ ಬೋರ್ಡು. ಇಲ್ದಿದ್ರೆ ಸಂಘ ಇಲ್ದೆ ಬರೋ ಬಿಡಿ ಕಾರುಗಳ ಜೊತೆ, ಕಕ್ಕಸಿನ ಪಕ್ಕ."

"ಎಂಬತ್ತೆಂಟು ಇದೆಯಲ್ಲ, ಬ್ಯೂಡ್ಲಿಯಲ್ಲಿ," ಎಂದ ಲಯನೆಲ್.

"ಎಂಬತ್ತೆಂಟು ಸತ್ತು ನಾಲ್ಕು ವರ್ಷ ಆಯ್ತಲ್ಲೋ ಮಾರಾಯ."

"ಅವನು ಸತ್ತ. ಕಾರು ಎಲ್ಲಿ ಸತ್ತಿದೆ?"

ಎಮ್ರಿಸ್‌ಗೆ ಜಾಗ ಸಿಕ್ಕರೂ ಸರಿ, ಸಿಗದಿದ್ದರೂ ಸರಿ. ಅವನಿಗೆ ಹೆಂಡತಿ, ಮೊಮ್ಮಕ್ಕಳು, ಕುರಿಗಳು ಇದ್ದವು. ಲಯನೆಲ್‌ನ ಕಥೆ ಹಾಗಲ್ಲ. ದುಡಿಯುತ್ತಿದ್ದ ರೆಡಿಚ್ಚಿನ ಸ್ಪ್ರಿಂಗ್ ಕಾರ್ಖಾನೆ ಮುಚ್ಚಿದ ಮೇಲೆ ಅವನ ನಾಲಿಗೆಗೆ ಕೆಲಸವೇ ಇರಲಿಲ್ಲ. ಮದುವೆಯ ಮಾತು ಹಿಂದೆ ಒಂದೆರಡು ಸಲ ಬಂದದ್ದುಂಟು, ಆಗೆಲ್ಲ ಅವನು ಯಾವುದೋ ಬಿಡಿಭಾಗ ಹುಡುಕುವ ಗಡಿಬಿಡಿಯಲ್ಲಿದ್ದ. ಈಗ ಅವನೊಂದಿಗೆ ಜನ ತಾವಾಗಿ ಬಂದು ಮಾತಾಡುತ್ತಿದ್ದುದು ವರ್ಷಕ್ಕೊಂದೇ ದಿನ. ಜುಲೈ ತಿಂಗಳಲ್ಲಿ, ಸೆವರ್ನ್ ಹೊಳೆಯ ದಂಡೆಯ ಮೈದಾನದಲ್ಲಿ, ಮೂರು ಕಾರುಗಳ ಹಿಂದೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತಾಗ, ಅಪರಿಚಿತರು ಹಗ್ಗಕ್ಕೆ ಒರಗಿ ನಿಲ್ಲುತ್ತಿದ್ದರು. ನಮ್ಮ ಮಾವನ ಹತ್ತಿರ ಇಂಥದೇ ಇತ್ತು, ಇದರ ವೇಗವೆಷ್ಟು, ಇದು ನಿಜವಾಗಿಯೂ ಅದೇನಾ ಎಂದು ಕೇಳುತ್ತಿದ್ದರು. ಲಯನೆಲ್ ಗಂಟಲು ಕಟ್ಟುವವರೆಗೆ ಉತ್ತರ ಕೊಡುತ್ತಿದ್ದ. ಆ ಒಂದು ದಿನದ ಮಾತನ್ನು ಅವನು ಮುಂದಿನ ಜುಲೈವರೆಗೆ ಮೆಲುಕು ಹಾಕಬೇಕಿತ್ತು. ಬಿಡಿ ಕಾರುಗಳ ಸಾಲಿಗೆ ಯಾರೂ ಬರುವುದಿಲ್ಲ, ಬಂದವರು ಅವಸರದಲ್ಲಿರುತ್ತಾರೆ. ಅದಕ್ಕೇ ಅವನಿಗೆ ಮೂರನೆಯ ಕಾರು ಬೇಕಾಗಿತ್ತು.

ಮಾರ್ಚಿನ ಒಂದು ಒಣ ದಿನ ನೋಡಿಕೊಂಡು, ಮೊದಲೇ ಫೋನು ಮಾಡಿ ತಿಳಿಸಿ, ಅವನು ಬ್ಯೂಡ್ಲಿಗೆ ಹೋದ. ಎಂಬತ್ತೆಂಟರ ಹೆಂಡತಿ ಐರಿಸ್ ಹ್ಯಾಲಮ್ ಬಾಗಿಲಲ್ಲೇ ಕಾದು ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದ ಹೆಂಗಸು, ಕುಳ್ಳಗಿದ್ದಳು, ಅರವತ್ತು ದಾಟಿತ್ತು. ಬ್ರೆಡ್ ಪುಡಿಂಗ್ ಮಾಡಿಟ್ಟಿದ್ದಳು. ಅಡುಗೆಮನೆಯ ಮೇಜಿನ ಮುಂದೆ ಅವನನ್ನು ಕೂರಿಸಿ, ದೊಡ್ಡದೊಂದು ತುಂಡು ಕೊಯ್ದು ಬಡಿಸಿದಳು.

"ನಮ್ಮ ರೇ ನಿಮಗೆ ಚೆನ್ನಾಗಿ ಗೊತ್ತಿದ್ರಾ?" ಎಂದು ಕೇಳಿದಳು.

ರೇ ಎಂದರೆ ಯಾರೆಂದು ಲಯನೆಲ್‌ಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. "ಎಂಬತ್ತೆಂಟಾ? ಗೊತ್ತಿಲ್ದೆ ಏನು, ಹದಿನೈದು ವರ್ಷದ ಪರಿಚಯ. ಟರ್ಬೊಗೆ ಹೋಗೋ ಪೈಪನ್ನ ತಾಮ್ರದಲ್ಲಿ ಮಾಡ್ಸಿದ್ರು. ಅದೊಂದು ನಂಗೆ ಹಿಡಿಸಿರ್ಲಿಲ್ಲ."

ಐರಿಸ್ ನಕ್ಕಳು. "ಅಷ್ಟೇನಾ ಗೊತ್ತಿರೋದು? ಅವರು ಹಾಡೋರು, ಕೇಳಿದೀರಾ? ಕರ್ಣಕಠೋರ. ಚರ್ಚಿನಲ್ಲಿ ಪಾದ್ರಿನೇ ಬಂದು, ಸ್ವಲ್ಪ ಮೆಲ್ಲಗೆ ಹಾಡಪ್ಪ ಅಂದಿದ್ರು."

"ಇಲ್ಲ, ಕೇಳಿಲ್ಲ. ಪೈಪು ಈಗ್ಲೂ ತಾಮ್ರದ್ದೇ ಇದ್ಯಾ?"

"ನಂಗೇನು ಗೊತ್ತು, ಆಮೇಲೆ ನೀವೇ ನೋಡಿ. ಮನೇಲಿ ಯಾರಿದಾರೆ ನಿಮಗೆ?"

"ಯಾರೂ ಇಲ್ಲ. ಗ್ಯಾರೇಜು ದೊಡ್ಡದಾಗಿದೆ."

ಆಕೆ ಇನ್ನೊಂದು ತುಂಡು ಪುಡಿಂಗ್ ಹಾಕಿದಳು. ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ, ಈ ಸಲದ ಚಳಿ ಹೇಗೆ ಕಳೆದಿರಿ ಎಂದೆಲ್ಲ ಕೇಳಿದಳು. ಮಾತಿಗೆ ಹಸಿದ ಹೆಂಗಸು ಆಕೆ, ಮಾತಿಗೆ ಹಸಿದ ಗಂಡಸು ಅವನು. ಎದುರು ಬದುರು ಕೂತಿದ್ದರು, ಮಧ್ಯೆ ಇದ್ದುದು ಒಂದು ಮೇಜು ಮಾತ್ರ. ಆದರೆ ಲಯನೆಲ್‌ನ ಕಣ್ಣೆಲ್ಲ ಗ್ಯಾರೇಜಿನ ಕಡೆಯ ಗೋಡೆಯ ಮೇಲೆ. ಆ ಗೋಡೆಯ ಆಚೆಗೇ ಎಂಬತ್ತೆಂಟು ಇತ್ತು. ಅವನು ತಟ್ಟೆ ಖಾಲಿ ಮಾಡಿ ಎದ್ದೇಬಿಟ್ಟ.

ಗ್ಯಾರೇಜಿನ ಬಾಗಿಲನ್ನು ಐರಿಸ್ ತಾನೇ ಮೇಲೆತ್ತಿದಳು. ಹೊದಿಕೆ ಇಲ್ಲ, ಧೂಳೂ ಇಲ್ಲ. ಹಸಿರು ಮೈ ಒರೆಸಿಟ್ಟ ಪಾತ್ರೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಲಯನೆಲ್‌ಗೆ ಹಿಗ್ಗು ತಡೆಯಲಾಗಲಿಲ್ಲ.

"ಪ್ರತಿ ಭಾನುವಾರ ಹತ್ತು ಗಂಟೆಗೆ ಎಂಜಿನ್ ಶುರು ಮಾಡ್ತೀನಿ," ಎಂದಳು ಐರಿಸ್. ದನಿಯಲ್ಲಿ ಹೆಮ್ಮೆ ಇತ್ತು. "ಅವರು ಇದ್ದಾಗ್ಲೂ ಭಾನುವಾರ ಹತ್ತು ಗಂಟೆಗೆ ಇಲ್ಲೇ ಇರೋರು. ಬಾಗಿಲು ಎತ್ತಿ, ಶುರು ಮಾಡಿ, ಒಳಗೆ ಹೋಗಿ ಟೀ ಕುಡಿದು ಬಂದು ಆರಿಸ್ತೀನಿ. ಒಂದು ವಾರನೂ ತಪ್ಪಿಸಿಲ್ಲ. ಜ್ವರ ಬಂದಾಗ ಮೇಲೆ ಕೋಟು ಹಾಕ್ಕೊಂಡು ಬಂದಿದ್ದೆ."

"ರಸ್ತೆಗೆ ತೆಗಿಯಲ್ವಾ?"

"ನಂಗೆಲ್ಲಿ ಓಡಿಸೋಕೆ ಬರುತ್ತೆ?"

ಲಯನೆಲ್ ತಕ್ಷಣ ಬಾನೆಟ್ ಎತ್ತಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದ. ಮುಚ್ಚಳದ ಒಳಗೆಲ್ಲ ಬೆಳ್ಳಗೆ, ಹಾಲಿನ ಮೇಲೆ ಕಟ್ಟಿದ ಕೆನೆಯಂಥದ್ದು ದಪ್ಪಗೆ ಮೆತ್ತಿಕೊಂಡಿತ್ತು. ಬೆರಳಲ್ಲಿ ಬಳಿದು ನೋಡಿದ. ಅನುಮಾನವೇ ಇರಲಿಲ್ಲ. ಹಳೆಯ ಎಂಜಿನ್ನನ್ನು ಶುರು ಮಾಡಿ ಓಡಿಸದೆ ನಿಲ್ಲಿಸಿದರೆ ಅದು ಪೂರ್ತಿ ಕಾಯುವುದೇ ಇಲ್ಲ, ಒಳಗೆ ನೀರು ಕಟ್ಟುತ್ತದೆ, ನೀರು ಆಯಿಲ್ ಸೇರುತ್ತದೆ, ಸೇರಿದ್ದು ಉಕ್ಕನ್ನು ತಿನ್ನುತ್ತದೆ. ಸುಮ್ಮನೆ ಬಿಟ್ಟಿದ್ದರೂ ಆ ಕಾರು ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಚೆನ್ನಾಗಿ ಇಟ್ಟಿದ್ದೀರಿ ಎಂದು ಹೇಳಿ, ಒಂದು ದಿನ ನಾನೇ ಬಂದು ಓಡಿಸಿ ಕೊಡುತ್ತೇನೆ ಎನ್ನುತ್ತಿದ್ದರು. ಆದರೆ ಈ ಸಂಘದವರ ಜಾಯಮಾನವೇ ಬೇರೆ. ಎದುರಿಗಿರುವವರ ಮುಖ ಬಾಡಿದ್ದು ಇವರಿಗೆ ಕಾಣದು, ಬಾನೆಟ್ಟಿನ ಅಂಚಿಗೆ ತುಕ್ಕು ಹಿಡಿದದ್ದು ಬೀದಿಯಾಚೆಯಿಂದ ಕಾಣುತ್ತದೆ. ಕಾರಿನ ವಿಷಯದಲ್ಲಿ ಸುಳ್ಳಾಡುವುದಕ್ಕಿಂತ ದೊಡ್ಡ ಪಾಪ ಇಲ್ಲವೆಂದು ನಂಬಿದವರು.

"ಮಿಸೆಸ್ ಹ್ಯಾಲಮ್," ಎಂದ ಲಯನೆಲ್, ಬೆರಳನ್ನು ಎತ್ತಿ ಹಿಡಿದು. "ನೀವು ಇದನ್ನ ಕೊಲ್ತಾ ಇದೀರಿ."

ಯಾಕೆ, ಹೇಗೆ ಎಂದು ಬಿಡಿಸಿ ಬಿಡಿಸಿ ಹೇಳಿದ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಐರಿಸ್ ಕೈಗೆ ಏನೂ ಅಂಟಿರದಿದ್ದರೂ ಏಪ್ರನ್ನಿಗೆ ಒರೆಸಿಕೊಂಡಳು.

"ಪ್ರತಿ ಭಾನುವಾರನೂ?" ಎಂದಳು ಕೊನೆಗೆ.

"ಪ್ರತಿ ಭಾನುವಾರನೂ ಸ್ವಲ್ಪ ಸ್ವಲ್ಪ."

"ನಾನು ನೋಡ್ಕೊಳ್ತಾ ಇದೀನಿ ಅಂದ್ಕೊಂಡಿದ್ದೆ." ಆಮೇಲೆ ಆಕೆ ಕಾರಿನ ಕಡೆ ನೋಡಲಿಲ್ಲ. "ತಗೊಂಡು ಹೋಗ್ಬಿಡಿ. ನಿಮಗೆ ಗೊತ್ತಿದೆ, ನಂಗೆ ಗೊತ್ತಿಲ್ಲ. ರೇ ಇದ್ದಿದ್ರೂ ನಿಮ್ಮ ಹತ್ರನೇ ಕೊಡು ಅನ್ನೋರು."

ಪ್ರದರ್ಶನಕ್ಕೆ ಒಂದು ದಿನದ ಮಟ್ಟಿಗೆ ಎರವಲು ಕೇಳಲು ಹೋದವನಿಗೆ ಕಾರೇ ಸಿಕ್ಕಿಬಿಟ್ಟಿತು. ನ್ಯಾಯವಾದ ಬೆಲೆಯನ್ನೇ ಕೊಟ್ಟ, ಆ ವಿಷಯದಲ್ಲಿ ಅವನ ಮೇಲೆ ಬೆರಳು ತೋರಿಸುವಂತಿಲ್ಲ. ಮುಂದಿನ ವಾರ ಎಮ್ರಿಸ್ ಟ್ರೈಲರ್ ತಂದ. ಎಂಬತ್ತೆಂಟನ್ನು ಅದರ ಮೇಲೆ ಹತ್ತಿಸಿ ಕಟ್ಟುವಾಗ ಐರಿಸ್ ಮೆಟ್ಟಿಲ ಮೇಲೆ ನಿಂತು, "ಈ ಕಡೆ ಬಂದಾಗ ಬಂದು ಹೋಗ್ತಾ ಇರಿ," ಎಂದಳು. ಲಯನೆಲ್ ಹೂಂ ಎಂದ. ಅವನ ಗಮನವೆಲ್ಲ ಹಗ್ಗ ಬಂಪರಿಗೆ ಉಜ್ಜದಂತೆ ನೋಡಿಕೊಳ್ಳುವುದರಲ್ಲಿತ್ತು.

ಆ ವಸಂತದಷ್ಟು ಸುಖವಾದ ಕಾಲವನ್ನು ಅವನು ಕಂಡೇ ಇರಲಿಲ್ಲ. ಎಂಜಿನ್ ಬಿಚ್ಚಿ ಒಂದೊಂದು ಭಾಗವನ್ನೂ ಬಟ್ಟೆಯ ಮೇಲೆ ಸಾಲಾಗಿ ಹರಡಿದ. ಕೊಳೆತ ಸೈಲೆನ್ಸರ್ ಕಿತ್ತೆಸೆದ. ತಾಮ್ರದ ಪೈಪು ತೆಗೆದು ಕಂಪನಿಯ ಪೈಪು ಹಾಕಿದ. ಕೆಲಸ ಮಾಡುತ್ತ ಎಂಬತ್ತೆಂಟಿನೊಡನೆ ಮಾತಾಡುತ್ತಿದ್ದ, ತಡಿ ತಡಿ, ಇನ್ನೊಂದು ಸುತ್ತು, ಆಯ್ತು ಎನ್ನುತ್ತಿದ್ದ. ಜೂನ್ ಹೊತ್ತಿಗೆ ಅದು ತಪಾಸಣೆಯಲ್ಲಿ ಪಾಸಾಗಿ ರಸ್ತೆಗಿಳಿಯಿತು. ಆಯಿಲ್ ಮುಚ್ಚಳದೊಳಗೆ ಈಗ ಜೇನಿನ ಬಣ್ಣ.

"ಈಗ ನಿಂಗೆ ಎರಡೆರಡು ನಂಬರು," ಎಂದ ಎಮ್ರಿಸ್ ಫೋನಿನಲ್ಲಿ. "ಯಾವುದ್ರಲ್ಲಿ ಕರೀಲೋ?"

"ಯಾವುದ್ರಲ್ಲಾದ್ರೂ ಕರಿ," ಎಂದ ಲಯನೆಲ್. ಕರೆದರೆ ಸಾಕಿತ್ತು.

ಜುಲೈಯಲ್ಲಿ ಹಗ್ಗ, ಬೋರ್ಡು, ಜಾಗ ಎಲ್ಲ ಸಿಕ್ಕಿತು. ಎಮ್ರಿಸ್‌ನ ಭಾವಮೈದುನ ಲಯನೆಲ್‌ನ ಎರಡರಲ್ಲಿ ಒಂದನ್ನು ಓಡಿಸಿ ತಂದುಕೊಟ್ಟು ಬಿಯರ್ ಡೇರೆಗೆ ಹೋದವನು ಮತ್ತೆ ಕಾಣಲಿಲ್ಲ. ಎಮ್ರಿಸ್ ಸ್ವಲ್ಪ ಹೊತ್ತು ಕೂತು, ಬೇಕನ್ ರೋಲ್ ತಂದುಕೊಟ್ಟು, ಮೊಮ್ಮಕ್ಕಳಿಗೆ ಉಗಿಬಂಡಿ ತೋರಿಸಲು ಹೋದ. ಲಯನೆಲ್ ಮೂರು ಹಸಿರು ಕಾರುಗಳ ಹಿಂದೆ ತನ್ನ ಕುರ್ಚಿಯಲ್ಲಿ ಕೂತ. ಜನ ಬಂದರು, ಕೇಳಿದರು, ಅವನು ಹೇಳಿದ. ಎಲ್ಲ ಅಂದುಕೊಂಡಂತೆಯೇ ನಡೆಯುತ್ತಿತ್ತು.

ಮಧ್ಯಾಹ್ನದ ಮೇಲೆ ಬಟ್ಟೆಯ ಟೋಪಿ ಹಾಕಿದ ಮುದುಕನೊಬ್ಬ ಬಂದು ಎಂಬತ್ತೆಂಟರ ಮುಂದೆ ನಿಂತ. ಅದರ ನಂಬರ್ ಪ್ಲೇಟನ್ನು ಎರಡು ಸಲ ಓದಿದ.

"ಇದು ರೇ ಹ್ಯಾಲಮ್‌ದಲ್ವೇನ್ರೀ?"

"ಈಗ ನಂದು."

"ನಾವು ಎದುರುಗಡೆ ಮನೆಯವ್ರು. ಹಾಗಾದ್ರೆ ಅದಕ್ಕೇ ಸದ್ದಿಲ್ಲ." ಮುದುಕ ಹಗ್ಗಕ್ಕೆ ಒರಗಿದ. "ಭಾನುವಾರ ಹತ್ತಾಯ್ತು ಅಂದ್ರೆ ಇದು ಗುರುಗುರು ಅಂತಿತ್ತು. ನನ್ನ ಹೆಂಡ್ತಿ ಮೊದಮೊದ್ಲು ಬೈಯೋಳು, ಆಮೇಲೆ ಐರಿಸ್ ಎದ್ದಿದಾಳೆ, ಸದ್ಯ, ಅನ್ನೋಳು. ಕಿಟಕೀಲಿ ಕಾಣ್ಸೋದು ನಮಗೆ. ಇದನ್ನ ಶುರು ಮಾಡಿ ಒಳಗೆ ಹೋಗಿ, ಎರಡು ಕಪ್ ಟೀ ಹಾಕ್ಕೊಂಡು ಕೂರೋಳು."

"ಎರಡು ಕಪ್ಪಾ?"

"ಎರಡು. ಈಗ ಭಾನುವಾರ ಮಧ್ಯಾಹ್ನ ಆದ್ರೂ ಪರದೆನೇ ಸರಿಸಲ್ಲ. ನಾವೂ ಎಷ್ಟು ಅಂತ ಹೋಗಿ ಬಾಗಿಲು ತಟ್ಟೋದು, ಹೇಳಿ." ಅವನು ಬಾನೆಟ್ಟಿನೊಳಗೆ ಇಣುಕಿದ. "ಚೆನ್ನಾಗಿಟ್ಟಿದೀರಿ ಬಿಡಿ. ಎಷ್ಟು ಓಡುತ್ತೆ?"

ವರ್ಷವಿಡೀ ಕಾಯುತ್ತಿದ್ದ ಪ್ರಶ್ನೆ ಬಂದಾಗ ಲಯನೆಲ್ ಎಂಬತ್ತೆಂಟರ ಬಾನೆಟ್ ಮುಚ್ಚಿದ. ಮುದುಕ ತಲೆಯಾಡಿಸಿ, ಮುಂದಿನ ಸಾಲಿಗೆ ಹೋದ.

ನಂತರದ ಭಾನುವಾರ ಲಯನೆಲ್ ಎಂಬತ್ತೆಂಟನ್ನು ಓಡಿಸಿಕೊಂಡು ಬ್ಯೂಡ್ಲಿಗೆ ಹೋದ. ಸಣ್ಣಗೆ ಹನಿಯುತ್ತಿತ್ತು, ಆದರೂ ಹೋದ. ಅವನ ತಲೆಯಲ್ಲಿ ಎಲ್ಲ ಲೆಕ್ಕಾಚಾರ ಆಗಿತ್ತು. ಕಾರು ಆಕೆಯ ಗ್ಯಾರೇಜಿನಲ್ಲೇ ಇರಲಿ. ವಾರಕ್ಕೊಮ್ಮೆ ತಾನೇ ಬಂದು ಪಕ್ಕದ ಊರು ಸ್ಟೂರ್‌ಪೋರ್ಟಿನವರೆಗೆ ಓಡಿಸಿ ತಂದರೆ ಎಂಜಿನ್ನಿಗೂ ಒಳ್ಳೆಯದು, ಆಕೆಗೂ ಒಳ್ಳೆಯದು. ತನಗೂ ಒಂದು ಕಪ್ ಟೀ ಸಿಗುತ್ತದೆ, ವಾರಕ್ಕೊಂದು ಸಲ ಯಾರಾದರೂ ಹೇಗಿದ್ದೀರಿ ಎಂದು ಕೇಳುತ್ತಾರೆ. ಬೇಕಾದದ್ದು ಇದೇ ಆಗಿತ್ತಲ್ಲ, ಮೈದಾನವೂ ಅಲ್ಲ, ಹಗ್ಗವೂ ಅಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಈ ವಯಸ್ಸಿನಲ್ಲಿ ಇಷ್ಟು ಸಣ್ಣ ವಿಷಯ ತಿಳಿದದ್ದಕ್ಕೆ ನಾಚಿಕೆಯೂ ಆಯಿತು.

ಐರಿಸ್ ಬಾಗಿಲು ತೆರೆದಾಗ ಮನೆಯಲ್ಲಿ ಹಾಕುವ ನಿಲುವಂಗಿಯಲ್ಲೇ ಇದ್ದಳು. ಕಾರನ್ನು ನೋಡಿ ಒಂದು ಕ್ಷಣ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸರಿ ಮಾಡಿದೀನಿ," ಎಂದ ಲಯನೆಲ್. "ವಾಪಸ್ ಇಟ್ಕೊಳ್ಳಿ. ಎಷ್ಟು ಹೊತ್ತು ಬೇಕಾದ್ರೂ ಶುರು ಮಾಡಿ ಬಿಡಿ. ನಾನೇ ಬಂದು ಓಡಿಸ್ತಾ ಇರ್ತೀನಿ, ಕೆಡೋಕೆ ಬಿಡಲ್ಲ."

ಆಕೆ ಬೇಡವೆನ್ನಲಿಲ್ಲ. ಅವನು ಕಾರನ್ನು ಗ್ಯಾರೇಜಿಗೆ ಹಿಮ್ಮುಖವಾಗಿ ನಿಲ್ಲಿಸಿ, ಎಂಜಿನ್ ಓಡುವಂತೆಯೇ ಬಿಟ್ಟು, ಗ್ಯಾರೇಜಿನ ಬಾಗಿಲು ತೆರೆದಿಟ್ಟು ಒಳಗೆ ಬಂದ. ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತರು. ಗೋಡೆಯ ಆಚೆಯಿಂದ ಸದ್ದು ಬರುತ್ತಿತ್ತು, ಮೆತ್ತಗೆ, ಒಂದೇ ಸಮನೆ, ಪಕ್ಕದ ಕೋಣೆಯಲ್ಲಿ ಯಾರೋ ಏನೋ ಕೆಲಸದಲ್ಲಿರುವಂತೆ. ಇಷ್ಟು ವರ್ಷ ಮರ್ಲಿನ್ ಇಟ್ಟುಕೊಂಡವನು ಗೋಡೆಯ ಈಚೆ ಕೂತು ಅದನ್ನು ಕೇಳಿದ್ದು ಅದೇ ಮೊದಲು.

ಐರಿಸ್ ಟೀ ಬಗ್ಗಿಸಲಿಲ್ಲ. ತಲೆ ತಗ್ಗಿಸಿ ಕೇಳುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ, "ಆರಿಸ್ಬಿಡಿ," ಎಂದಳು.

"ಯಾಕೆ, ಸದ್ದು ಮೊದಲಿನ ಥರ ಇಲ್ವಾ? ಪೈಪು ಬದಲಾಯ್ಸಿದೀನಿ, ಅದಕ್ಕಿರಬಹುದು. ಹಳೇದು ಇದೆ, ಹಾಕ್ತೀನಿ."

"ಸದ್ದು ಚೆನ್ನಾಗೇ ಇದೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಲಯನೆಲ್‌ಗೆ ಎಷ್ಟೋ ಸಲೀಸಾಗುತ್ತಿತ್ತು. "ಮೊದ್ಲು ಇದು ಕೇಳಿದ್ರೆ ರೇ ಅಲ್ಲಿದಾರೆ ಅನ್ನಿಸ್ತಿತ್ತು. ಬೈಕೊಂಡು ಏನೋ ಬಿಚ್ತಾ ಇದಾರೆ, ಈಗ ಟೀಗೆ ಬರ್ತಾರೆ ಅಂತ. ಹುಚ್ಚು ಅಂತ ಗೊತ್ತಿತ್ತು, ಆದ್ರೂ ಒಂದು ಟೀ ಮುಗಿಯೋವರೆಗೆ ನಂಬ್ತಿದ್ದೆ. ಈಗ ಅವರು ಕೇಳಿಸ್ತಿಲ್ಲ. ಅವತ್ತು ನೀವು ಹೇಳಿದ್ರಲ್ಲ, ಆ ಮಾತು ಕೇಳಿಸ್ತಿದೆ."

"ನಾನು ಹಾಗೆ ಹೇಳ್ಬಾರ್ದಿತ್ತು, ಮಿಸೆಸ್ ಹ್ಯಾಲಮ್."

"ಕಾರಿನ ವಿಷಯ ನೀವು ಸರಿಯಾಗೇ ಹೇಳಿದ್ರಿ."

ಅವನು ಹೋಗಿ ಎಂಜಿನ್ ಆರಿಸಿದ. ಆ ಕಾರಿಗೆ ಬರುವ ಪ್ರತಿಯೊಂದು ತೊಂದರೆಯೂ ಅವನಿಗೆ ಗೊತ್ತಿತ್ತು, ಯಾವ ಭಾಗ ಯಾರ ಹತ್ತಿರ ಸಿಗುತ್ತದೆ ಎಂದೂ ಗೊತ್ತಿತ್ತು. ಮುಂದೇನು ಮಾಡುವುದೆಂದು ಮಾತ್ರ ತಿಳಿಯದೆ, ಮತ್ತೆ ಒಳಗೆ ಬಂದ. ಐರಿಸ್ ಈಗ ಟೀ ಬಗ್ಗಿಸಿದ್ದಳು.

"ಮುಂದಿನ ಭಾನುವಾರ ಬರ್ಲಾ?" ಎಂದು ಕೇಳಿದ. "ಕಾರು ತರಲ್ಲ. ಬಸ್ಸಲ್ಲಿ ಬರ್ತೀನಿ."

"ಬರೋದೇನೋ ಬರಬಹುದಿತ್ತು. ಶ್ರೂಸ್‌ಬರೀಲಿ ನನ್ನ ತಂಗಿ ಇದಾಳೆ, ಇಲ್ಲಿಗೇ ಬಂದುಬಿಡೇ ಅಂತ ಒಂದೇ ಸಮ ಕರೀತಿದಾಳೆ. ಇಲ್ಲಿ ಭಾನುವಾರ ಕಳೆಯೋದು ಕಷ್ಟ ಆಗಿದೆ. ಈ ವಾರ ಹೊರಟಿದೀನಿ." ಆಕೆ ಅವನ ಕಪ್ಪಿನ ಕಡೆ ನೋಡಿದಳು. "ಮಾರ್ಚಿನಲ್ಲಿ ಬಂದಾಗ ನೀವು ಇನ್ನೂ ಸ್ವಲ್ಪ ಹೊತ್ತು ಕೂರ್ತೀರೇನೋ ಅಂದ್ಕೊಂಡಿದ್ದೆ."

ಲಯನೆಲ್ ಟೀ ಪೂರ್ತಿ ಕುಡಿದ. ಹೊರಡುವಾಗ ಆಕೆ ಅವನ ಕೈ ಕುಲುಕಿ, ಹುಷಾರಾಗಿ ಹೋಗಿ ಲಯನೆಲ್ ಎಂದಳು. ಹೆಸರು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು.

ಬ್ರಾಮ್ಸ್‌ಗ್ರೋವಿಗೆ ಬಂದು ಎಂಬತ್ತೆಂಟನ್ನು ನೂರಾ ಅರವತ್ತರ ಪಕ್ಕದಲ್ಲಿ ನಿಲ್ಲಿಸಿದ. ಎಂಜಿನ್ ಆರಿಸಲು ಕೈ ಕೀಲಿಯ ಮೇಲೆ ಹೋಯಿತು, ಮತ್ತೆ ಹಿಂದೆ ಬಂತು. ಗ್ಯಾರೇಜಿನ ಬಾಗಿಲನ್ನು ತೆರೆದೇ ಬಿಟ್ಟು, ಕಾರು ಓಡುತ್ತಿರುವಾಗಲೇ ಅಡುಗೆಮನೆಗೆ ಹೋಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ. ಸದ್ದು ಚೆನ್ನಾಗಿ ಬರುತ್ತಿತ್ತು. ನಾಲ್ಕು ಸಿಲಿಂಡರೂ ಸರಿಯಾಗಿದ್ದವು, ಟರ್ಬೊದ ಸಿಳ್ಳು ಎಷ್ಟಿರಬೇಕೋ ಅಷ್ಟಿತ್ತು. ಅವನು ಕಣ್ಣು ಮುಚ್ಚಿ, ಗೋಡೆಯಾಚೆ ಯಾರೋ ಇದ್ದಾರೆ ಎಂದುಕೊಳ್ಳಲು ನೋಡಿದ. ತನ್ನ ಅರವತ್ತೆರಡು ವರ್ಷಗಳಲ್ಲಿ ಹುಡುಕಿದ, ಹಾಗೆ ಅಲ್ಲಿ ತಂದು ನಿಲ್ಲಿಸಲು ಒಬ್ಬರೂ ನೆನಪಾಗಲಿಲ್ಲ. ಒಂದು ಟೀ ಮುಗಿಯುವಷ್ಟು ಹೊತ್ತು ಕೂತು, ಎದ್ದು ಹೋಗಿ ಆರಿಸಿದ.